ಅಂದದ ಗುಂಡಿ

ಡಾಕ್ಟರು ನನ್ನ ಉಗುರಿನ ಸಣ್ಣ ಗುಳಿಗಳನ್ನೂ ಕಿವಿಯ ಹಿಂದಿನ ಬಿಳಿ ಹಕ್ಕಳೆಯನ್ನೂ ನೋಡಿ, "ಇದು ಸೋರಿಯಾಸಿಸ್. ಕೂದಲು ಇಷ್ಟು ಉದುರೋ ತನಕ ಯಾಕಮ್ಮ ಸುಮ್ಮನಿದ್ರಿ?" ಎಂದರು.

"ಹೊಟ್ಟು ಅಂದ್ಕೊಂಡೆ. ಕನ್ನಡೀಲಿ ತಲೆ ತುಂಬ ಕೂದಲಿತ್ತಲ್ಲ."

ಅವರು ಹಳೇ ಕಾಲದ ಕನ್ನಡಿ ಕೊಟ್ಟರು, ಇದ್ದದ್ದನ್ನು ಇದ್ದಂತೆ ತೋರಿಸುವಂಥದ್ದು. ನೆತ್ತಿಯಲ್ಲಿ ಕೂದಲಿಗಿಂತ ಚರ್ಮವೇ ಹೆಚ್ಚು ಕಾಣುತ್ತಿತ್ತು.

ಈಗ ಎಲ್ಲರ ಮನೆಯ ಕನ್ನಡಿಗೂ ಅಂದದ ಗುಂಡಿ ಇರುತ್ತದೆ; ಒತ್ತಿದರೆ ಇಲ್ಲದ ಅಂದವನ್ನೂ ತೋರಿಸುತ್ತದೆ. ನಮ್ಮದನ್ನು ನಾನು ಒತ್ತಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಗಂಡನತ್ತ ತಿರುಗಿದೆ.

"ನಾನೇ ಒತ್ತಿದ್ದು, ಪಂಕಜಾ. ಎರಡು ವರ್ಷ ಆಯ್ತು. ನಿನಗೆ ನೋವಾಗಬಾರದು ಅಂತ," ಎಂದರು.

ಇಷ್ಟು ದಿನ ಒಬ್ಬರೇ ನೋಡಿ ನುಂಗಿಕೊಂಡರಲ್ಲ ಎಂದು ಕಣ್ಣು ತುಂಬಿತು. ಆಗ ಅವರ ಕನ್ನಡಕದ ಅಂಚಿನಲ್ಲೂ ಅಂಥದೇ ಗುಂಡಿ ಕಂಡಿತು. ಕನ್ನಡಕ ಕಿತ್ತುಕೊಂಡು ನಾನೇ ಹಾಕಿಕೊಂಡೆ. ಹಳೇ ಕನ್ನಡಿಯಲ್ಲೂ ನನ್ನ ತಲೆ ತುಂಬ ಕೂದಲು.

"ಇದನ್ನ ಯಾರಿಗೆ ನೋವಾಗಬಾರದು ಅಂತ ಒತ್ತಿದ್ರಿ?"