ನಲವತ್ತು ವ್ಯಾಟಿನ ಹಳೇ ಕಾರ್ಡು

"ಇಂಥದ್ದೇ ಬೇಕು. ಇದರ ಅಣ್ಣನೂ ಬೇಡ, ತಮ್ಮನೂ ಬೇಡ."

ಬಂದ ಹೆಂಗಸು ಕೌಂಟರಿನ ಮೇಲಿಟ್ಟದ್ದು ಸುಟ್ಟು ಕರಕಲಾದ ಒಂದು ಗ್ರಾಫಿಕ್ಸ್ ಕಾರ್ಡು. ಕಂಪ್ಯೂಟರ್ ರಿಪೇರಿ ಅಂಗಡಿಯ ಒಡತಿ, ಬೀದಿಗೆಲ್ಲ ಸ್ಕ್ರೂ ಅಕ್ಕ, ಅದನ್ನೆತ್ತಿ ಮೂಗಿನ ಹತ್ತಿರ ಹಿಡಿದಳು. ಪ್ರಾಣ ಹೋಗಿ ಎರಡು ದಿನವಾದರೂ ಆಗಿರಬೇಕು. ಒಂದು ಕಾಲಕ್ಕೆ ದೊಡ್ಡ ಡಿಸೈನ್ ಆಫೀಸುಗಳ ವರ್ಕ್‌ಸ್ಟೇಷನ್‌ಗಳಲ್ಲಿ ಮೆರೆದ ಮಾಲು. ಒಂದು ಜಿಬಿ ಮೆಮೊರಿ, ತೊಂಬತ್ತಾರು ಕೋರ್, ನಲವತ್ತು ವ್ಯಾಟ್.

"ಅಮ್ಮಾ, ಇದಕ್ಕಿಂತ ನನ್ನ ಮೊಬೈಲೇ ಜಾಣ."

ಹೆಂಗಸು ನಗಲಿಲ್ಲ. "ನಮ್ಮ ಮಾವನವರದು. ಕಟ್ಟಡ ಡಿಸೈನ್ ಮಾಡ್ತಿದ್ರು. ಕಂಪ್ಯೂಟರಲ್ಲಿ ಒಂದು ಚಿತ್ರ ಮೂಡ್ತಾ ಇತ್ತು, ಅದರ ಮುಂದೆಯೇ ಕೂತಿರ್ತಿದ್ರು. ಇದು ಹೋದಾಗಿನಿಂದ ಊಟಕ್ಕೂ ಏಳ್ತಿಲ್ಲ."

"ಎಂಟು ಜಿಬಿದು ಕೊಡ್ತೀನಿ. ಇದೇ ಅಳತೆ, ಒಂದೇ ಸ್ಲಾಟು, ಬೇರೆ ಪವರ್ ಕೇಬಲ್ಲೂ ಬೇಡ. ನೀವು ಚಹಾ ಕುದಿಸೋದ್ರೊಳಗೆ ಚಿತ್ರ ರೆಡಿ."

"ಹಳೇದರಲ್ಲಾದ್ರೆ?"

"ಬೆಳಿಗ್ಗೆ ಹಚ್ಚಿದ್ರೆ ಸಂಜೆಗೂ ಮುಗಿಯಲ್ಲ."

"ಹಳೇದೇ ಇರಲಿ. ಹೊಸದು ಅವರಿಗೆ ಒಗ್ಗಲ್ಲ."

ಒಗ್ಗುವುದಕ್ಕೆ ಇದೇನು ಮೈಗೆ ಹಾಕುವ ಅಂಗಿಯೇ? ಡಬ್ಬದೊಳಗೆ ತೆಪ್ಪಗೆ ಕೂರುವ ವಸ್ತು. ಸ್ಕ್ರೂ ಅಕ್ಕ ಗೊಣಗುತ್ತಲೇ ಗುಜರಿ ಪೆಟ್ಟಿಗೆ ಕೆದಕಿ ಅಂಥದೇ ಮುದಿ ಕಾರ್ಡೊಂದನ್ನು ಹುಡುಕಿ ತೆಗೆದಳು. ಮನಸ್ಸು ತಡೆಯದೆ ಹೊಸದನ್ನೂ ಚೀಲಕ್ಕೆ ಸೇರಿಸಿ, ಆ ಹೆಂಗಸಿನ ಹಿಂದೆಯೇ ಹೊರಟಳು.

ಮನೆ ಎರಡೇ ಬೀದಿಯಾಚೆ. ಕೆಳಗಿನ ಕೋಣೆಯಲ್ಲಿ, ಕಪ್ಪಾದ ಪರದೆಯ ಮುಂದೆ, ಅಂಗಿಯ ಗುಂಡಿಗಳನ್ನು ಕಾಲರಿನವರೆಗೂ ಹಾಕಿಕೊಂಡು ಮುದುಕರು ಕೂತಿದ್ದರು. ಕಣ್ಣುಗಳು ಗುಳಿಬಿದ್ದಿದ್ದವು. ಸ್ಕ್ರೂಡ್ರೈವರ್ ಕಂಡದ್ದೇ ಮುಖ ಅರಳಿತು.

"ಬಂದೆಯಾ ತಾಯಿ? ನೋಡು, ಇದಕ್ಕೆ ಹೊಟ್ಟೆನೋವೋ ಸೋಮಾರಿತನವೋ."

"ಎರಡೂ ಇರಬೇಕು ಅಜ್ಜಾ, ವಯಸ್ಸಾಯ್ತಲ್ಲ."

"ನನ್ನನ್ನ ಅಂದ್ಯೋ, ಅದನ್ನ ಅಂದ್ಯೋ?" ಮುದುಕರು ನಕ್ಕರು. ಆಮೇಲೆ ದನಿ ತಗ್ಗಿಸಿದರು. "ಇನ್ನೇನು ಮುಗೀತು ಅನ್ನೋ ಹೊತ್ತಿಗೆ ದಿನಾ ಸಂಜೆ ಕರೆಂಟು ಕೈಕೊಡುತ್ತೆ. ಮತ್ತೆ ಮೊದಲಿಂದ. ನಮ್ಮ ಹಣೆಬರಹ."

ತನ್ನ ಅಂಗಡಿಯಲ್ಲಿ ಈಚೆಗೆ ಒಂದು ಸಂಜೆಯೂ ಕರೆಂಟು ಹೋದ ನೆನಪಿಲ್ಲ ಸ್ಕ್ರೂ ಅಕ್ಕನಿಗೆ. ಹಳೇ ಮನೆ, ಹಳೇ ವೈರು ಎಂದುಕೊಂಡಳು. "ಒಂದು ಯುಪಿಎಸ್ ಹಾಕಿಸಿಬಿಡಿ," ಎಂದಳು ಸೊಸೆಯ ಕಡೆ ತಿರುಗಿ.

"ಬೇಡ." ಮಾತು ಮುಗಿಯುವ ಮುಂಚೆಯೇ ಉತ್ತರ ಬಂತು.

ಮುದುಕರಿಗೆ ಇದ್ಯಾವುದೂ ಕೇಳಿಸಲಿಲ್ಲ. ಎರಡೂ ಕೈಯನ್ನು ಗಾಳಿಯಲ್ಲಿ ಅಗಲಿಸಿ ಛಾವಣಿ ಕಟ್ಟುತ್ತಿದ್ದರು. "ಕಂಬವೇ ಇಲ್ಲದ ಸಭಾಂಗಣ ಕಣಮ್ಮ. ಎಲ್ಲಿ ಕೂತರೂ ವೇದಿಕೆ ಕಾಣಬೇಕು. ಚಿತ್ರ ಒಂದು ಬರಲಿ, ನನ್ನ ಮಗ ನೋಡಿ ಹೂಂ ಅನ್ನಲಿ. ನಿಂತು ಕಟ್ಟಿಸೋನು ಅವನೇ."

"ಮಗ ಎಲ್ಲಿದ್ದಾರೆ?"

"ಸೈಟಲ್ಲೇ," ಎಂದಳು ಸೊಸೆ. ಚಹಾ ತರುತ್ತೇನೆಂದು ಒಳಗೆ ಹೋದಳು.

ಅಪ್ಪನ ಹತ್ತಿರ ಒಂದು ಗಳಿಗೆ ಕೂರಲು ಪುರುಸೊತ್ತಿಲ್ಲದ ಮಗ! ಸ್ಕ್ರೂ ಅಕ್ಕ ಮುದುಕರ ಕಡೆ ನೋಡಿದಳು. ಈ ಜೀವಕ್ಕೆ ಉಳಿದಿರುವುದೇ ಕೆಲವು ಸಂಜೆಗಳು, ಬೇಕಾಗಿರುವುದೋ ಒಂದೇ ಒಂದು ಚಿತ್ರ. ಅದನ್ನೂ ಮುದಿ ಕಾರ್ಡಿನ ಪಾಲು ಮಾಡುವುದೇ? ಕಥೆಗಳಲ್ಲಿ ವರ ಕೊಡುವವರು ಏನು ಬೇಕೆಂದು ಒಂದು ಮಾತು ಕೇಳಿಯೇ ಕೊಡುತ್ತಾರೆ. ಸ್ಕ್ರೂ ಅಕ್ಕ ಕೇಳಲಿಲ್ಲ. ಚೀಲದಿಂದ ಹೊಸ ಕಾರ್ಡನ್ನೇ ತೆಗೆದು ಸ್ಲಾಟಿಗೆ ಒತ್ತಿದಳು, ಅದರ ಡ್ರೈವರ್ ತಂತ್ರಾಂಶ ಹಾಕಿದಳು, ಚಿತ್ರಕ್ಕೆ ಚಾಲನೆ ಕೊಟ್ಟಳು.

ಪರದೆಯ ಮೇಲೆ ಚೌಕಗಳು ಒಂದರ ಹಿಂದೊಂದು ತುಂಬತೊಡಗಿದವು. ಮೊದಲು ಕುರ್ಚಿಗಳ ಸಾಲು. ಆಮೇಲೆ ವೇದಿಕೆ. ಕೊನೆಗೆ, ಹಕ್ಕಿ ರೆಕ್ಕೆ ಬಿಚ್ಚಿದಂತೆ, ಯಾವ ಆಸರೆಯೂ ಇಲ್ಲದೆ ತೇಲುವ ಛಾವಣಿ. ಅದರ ಗಾಜಿನಿಂದ ಬೆಳಕು ಕುರ್ಚಿಗಳ ಮೇಲೆ ಸುರಿಯಿತು.

"ಮುಗೀತು," ಎಂದರು ಮುದುಕರು, ಗಟ್ಟಿಯಾಗಿ ಹೇಳಿದರೆ ಅಳಿಸಿಹೋಗುತ್ತದೇನೋ ಎನ್ನುವ ಹಾಗೆ.

ಎದ್ದರು. ಅಂಗಿ ಸರಿಮಾಡಿಕೊಂಡರು. ಗೋಡೆ ಹಿಡಿದು ಮೆಟ್ಟಿಲ ಬುಡಕ್ಕೆ ಹೋಗಿ ಕತ್ತೆತ್ತಿ ಕೂಗಿದರು. "ಮಗನೇ! ಬಂತೋ! ಎಲ್ಲಿದ್ದೀಯೋ, ಬಾರೋ!"

ಸ್ಕ್ರೂ ಅಕ್ಕನ ಕಣ್ಣು ತುಂಬಿತು. ಹುಟ್ಟಿದಾಗಿನಿಂದ ಇಷ್ಟು ಒಳ್ಳೆಯ ಕೆಲಸ ತಾನು ಮಾಡಿರಲಿಲ್ಲ ಅನ್ನಿಸಿತು.

ಸೊಸೆ ಚಹಾ ಹಿಡಿದು ಬಂದವಳು ಬಾಗಿಲಲ್ಲೇ ನಿಂತಳು. ಪರದೆ ನೋಡಿದಳು. ಲೋಟಗಳನ್ನು ಒಂದು ಹನಿಯೂ ಚೆಲ್ಲದಂತೆ ಮೇಜಿನ ಮೇಲಿಟ್ಟಳು.

"ಯಾವ ಕಾರ್ಡ್ ಹಾಕಿದ್ರಿ ಅಕ್ಕಾ?"

"ಬೈಬೇಡಿ. ಒಳ್ಳೇದನ್ನೇ ಹಾಕಿದೆ, ನನ್ನ ಕಡೆಯಿಂದ ಇರಲಿ. ಅವರ ಮುಖ ನೋಡಿ ಹೇಗಾಗಿದೆ!"

ಅಷ್ಟರಲ್ಲಿ ಮುದುಕರು ಮೆಟ್ಟಿಲು ಹತ್ತಿ ಹೋಗಿದ್ದರು. ಮೇಲಿನ ಮಹಡಿಯಲ್ಲಿ ಒಂದೊಂದೇ ಬಾಗಿಲು ತೆಗೆಯುವ ಸದ್ದು. ಪ್ರತಿ ಬಾಗಿಲಿಗೂ ಮುದುಕರ ಕೂಗು. ಸೊಸೆ ಸೆರಗಿನಿಂದ ಕೈ ಒರೆಸಿಕೊಂಡು ಮೆಟ್ಟಿಲಿನತ್ತ ನಡೆದಳು.

"ದಿನಾ ಸಂಜೆ ಮೇನ್ ಸ್ವಿಚ್ ಆರಿಸೋದು ನಾನೇ," ಎಂದಳು, ತಿರುಗಿ ನೋಡದೆ. "ಆ ಛಾವಣಿ ಕಟ್ಟಿದ್ದೂ ಆಯ್ತು, ಕುಸಿದದ್ದೂ ಆಯ್ತು, ಕೆಳಗೆ ನಿಂತಿದ್ದೋರು ನನ್ನ ಗಂಡ, ಮಾವನಿಗೆ ಅದು ನೆನಪಲ್ಲಿ ನಿಲ್ಲಲ್ಲ, ಚಿತ್ರ ಮುಗಿದಾಗಲೆಲ್ಲ ನಾನು ಹೊಸದಾಗಿ ಹೇಳಬೇಕು."