ಬಿಬಿಕ್ ರುಚಿ ನೋಡಿದ್ದು

ಪೋ ನಿಯೋ ಹಸಿರು ಉಂಡೆಯೊಂದನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. ಹಲ್ಲಿಗೆ ಸಿಕ್ಕಿದ್ದೇ ಉಂಡೆ ಒಡೆದು ಒಳಗಿನ ಪಾಕ ನಾಲಿಗೆಯ ಮೇಲೆ ಹರಿಯಿತು. ಸಿಹಿ ಗೊತ್ತಾಯಿತು. ಆದರೆ ಅದು ಬೆಲ್ಲದ್ದೋ ಸಕ್ಕರೆಯದ್ದೋ, ಹಸಿರು ಘಮಘಮಿಸುವ ಪಾಂಡನ್ ಎಲೆಯದೋ ಬಣ್ಣದ ಸೀಸೆಯದೋ, ಒಂದೂ ತಿಳಿಯಲಿಲ್ಲ. ಹೋದ ವರ್ಷ ಬಂದ ಜ್ವರ ಬಿಟ್ಟು ಹೋಗುವಾಗ ಮೂಗನ್ನೂ ಜೊತೆಗೆ ಕೊಂಡೊಯ್ದಿತ್ತು. ಹದಿನಾಲ್ಕು ತಿಂಗಳಿಂದ ಆಕೆಗೆ ಮಲ್ಲಿಗೆಯೂ ಒಂದೇ, ಮೀನಿನ ಬುಟ್ಟಿಯೂ ಒಂದೇ. ಇದನ್ನು ಯಾರಿಗೂ ಹೇಳಿರಲಿಲ್ಲ, ಗಂಡನಿಗೂ.

"ಹೇಗಿದೆ ಬಿಬಿಕ್?" ಎದುರಿಗೆ ನಿಂತಿದ್ದ ಹಸ್ನಾ ಕೇಳಿದಳು. ಹಿರಿಯ ಹೆಂಗಸರನ್ನು ಆ ಊರಲ್ಲಿ ಬಿಬಿಕ್ ಎಂದೇ ಕರೆಯುವುದು. ಮಲಕ್ಕಾದ ಈ ಹೋಟೆಲಿನ ಕೆಫೆಯಲ್ಲಿ, ಊರಿನ ಹಳೆಯ ಚೀನೀ ಮನೆತನಗಳ ನ್ಯೋನ್ಯಾ ತಿಂಡಿಗಳ ಸಂಜೆ ಬಫೆ ಶುರುವಾಗಿ ಎರಡೇ ವಾರ. ಹಸ್ನಾ ಅಲ್ಲಿನ ಅಡುಗೆಮನೆಯ ಮುಖ್ಯಸ್ಥೆ. ಊರಿನ ಹಳಬರು ಬಂದು ಹೊಟ್ಟೆ ತುಂಬ ತಿಂದು, ಪೋ ನಿಯೋ ಕೈರುಚಿ ಮಾತ್ರ ಇಲ್ಲ ಎಂದು ಹೇಳಿ ಹೋಗುತ್ತಿದ್ದರು. ಅದಕ್ಕೇ ಹಸ್ನಾ ಅವಳನ್ನೂ ಅವಳ ಗಂಡನನ್ನೂ ಕರೆಸಿದ್ದಳು. ತಿಂದು ನೋಡಿ ತಪ್ಪು ಹೇಳಬೇಕು, ಒಪ್ಪಿದರೆ ಶನಿವಾರ, ಭಾನುವಾರ ಬಂದು ಅಡುಗೆಯವರಿಗೆ ಕಲಿಸಬೇಕು. ಮೂವತ್ತು ವರ್ಷ ಮನೆಯಲ್ಲೇ ತಿಂಡಿ ಮಾಡಿ ಊರಿಗೆಲ್ಲ ಕೊಟ್ಟ ಪೋ ನಿಯೋಗೆ ಇದಕ್ಕಿಂತ ಬೇಕಾದದ್ದು ಬೇರೆ ಇರಲಿಲ್ಲ. ಇದಕ್ಕಿಂತ ಹೆದರಿಕೆಯದೂ ಇರಲಿಲ್ಲ.

"ಹಿಟ್ಟು ದಪ್ಪ ಆಯ್ತು. ಇನ್ನೂ ತೆಳ್ಳಗೆ ತಟ್ಟಿ ಬೆಲ್ಲ ತುಂಬಬೇಕು," ಎಂದಳು. ಅದು ಹಲ್ಲಿಗೆ ತಿಳಿದಿತ್ತು. ಶಂಖಪುಷ್ಪದ ನೀಲಿ ಹಾಕಿದ ಅಂಟಕ್ಕಿಯ ತುಂಡನ್ನು ಬೆರಳಲ್ಲಿ ಒತ್ತಿ ನೋಡಿದಳು. "ಅಕ್ಕಿ ರಾತ್ರಿಯೆಲ್ಲ ನೆನೀಬೇಕಿತ್ತು. ಬೆಂದ ಮೇಲೆ ಭಾರ ಇಟ್ಟು ಒತ್ತಿದ್ರಾ?"

"ಇಲ್ಲ ಬಿಬಿಕ್."

"ಅದಕ್ಕೇ ಹೀಗೆ ಉದುರುತ್ತೆ."

ಹಸ್ನಾ ಪುಸ್ತಕದಲ್ಲಿ ಬರೆದುಕೊಂಡಳು. ಪೋ ನಿಯೋ ಗಂಡ ಬೂನ್ ಕೆಂಗ್ ಪಕ್ಕದಲ್ಲಿ ಕೂತು, ತರಕಾರಿ ತುಂಬಿದ ಪೈ ಟೀ ಎಂಬ ಗರಿಗರಿ ಹಿಟ್ಟಿನ ಬಟ್ಟಲುಗಳನ್ನು ಒಂದಾದ ಮೇಲೊಂದು ಬಾಯಿಗೆ ಹಾಕಿಕೊಳ್ಳುತ್ತಿದ್ದ. ಆಗಲೇ ಆರು ಬಟ್ಟಲು ಮುಗಿಸಿದ್ದ.

ಅಷ್ಟರಲ್ಲಿ ಹಸ್ನಾ ತೆಂಗಿನ ಹಾಲಿನ ಎರಡು ಬಟ್ಟಲು ತಂದಿಟ್ಟಳು. "ಒಂದು ಬೆಳಿಗ್ಗೆ ಹಿಂಡಿದ್ದು, ಇನ್ನೊಂದು ಪ್ಯಾಕೆಟ್ಟಿಂದು. ನಮ್ಮ ಮ್ಯಾನೇಜರು ಎರಡೂ ಒಂದೇ ಅಂತಾರೆ. ನೀವೇ ಮೂಸಿ ಹೇಳಿಬಿಡಿ."

ಪೋ ನಿಯೋ ಒಂದು ಬಟ್ಟಲನ್ನು ಮೂಗಿನ ಹತ್ತಿರ ಹಿಡಿದಳು. ಇಳಿಸಿ ಇನ್ನೊಂದನ್ನು ಹಿಡಿದಳು. ಎರಡೂ ಬೆಳ್ಳಗಿದ್ದವು, ಅಷ್ಟೆ. ಮೊದಲನೆಯದನ್ನು ಮತ್ತೆ ಎತ್ತಿಕೊಂಡಳು.

"ಎಡಗಡೇದು ಹಿಂಡಿದ್ದು," ಬೂನ್ ಕೆಂಗ್ ಬಾಯಿ ತುಂಬಿಕೊಂಡೇ ಬಗ್ಗಿ ಹೇಳಿದ. "ಇಲ್ಲಿಗೇ ಘಂ ಅಂತಿದೆ. ಇಷ್ಟಕ್ಕೆಲ್ಲ ನನ್ನ ಹೆಂಡ್ತಿ ಮೂಗು ಯಾಕೆ?"

ಹಸ್ನಾ ನಕ್ಕು, ಮ್ಯಾನೇಜರಿಗೆ ತೋರಿಸಲು ಬಟ್ಟಲುಗಳನ್ನು ಎತ್ತಿಕೊಂಡು ಹೋದಳು.

ಪೋ ನಿಯೋ ಗಂಡನ ಕಡೆ ತಿರುಗಲಿಲ್ಲ. "ಯಾವಾಗಿಂದ ಗೊತ್ತು?"

"ಅನ್ನ ಸೀದಿತ್ತಲ್ಲ, ಆವತ್ತಿಂದ. ಬೀದಿ ಕೊನೇಲಿ ಬರ್ತಾ ಇದ್ದೆ, ಅಲ್ಲಿಗೇ ವಾಸನೆ. ನೀನು ಒಲೆ ಪಕ್ಕದಲ್ಲೇ ಕೂತು ಚಪ್ಪಲಿಗೆ ಮಣಿ ಪೋಣಿಸ್ತಿದ್ದೆ."

"ಮತ್ತೆ ಯಾಕ್ರೀ ಕೇಳ್ಲಿಲ್ಲ?"

"ಮಂಡಿನೋವು, ಇನ್ಮೇಲೆ ತಿಂಡಿ ಮಾಡಲ್ಲ ಅಂದೆ ನೀನು. ಮೆಟ್ಟಿಲು ಮಾತ್ರ ದಿನಕ್ಕೆ ಹತ್ತು ಸಲ ಹತ್ತಿ ಇಳೀತಿದ್ದೆ. ನಿಂಗೆ ಹೇಳೋಕೆ ಮನಸ್ಸಿಲ್ಲ ಅಂತ ನಾನೂ ಸುಮ್ನಾದೆ." ಅವನು ಬೆರಳು ಒರೆಸಿಕೊಂಡ. "ಕಾಯ್ತಾ ಇದ್ದೆ, ನೀನೇ ಹೇಳ್ತೀಯ ಅಂತ."

ಸಿಟ್ಟು ಬರಬೇಕಿತ್ತು. ಬದಲಿಗೆ, ವರ್ಷದಿಂದ ಒಬ್ಬಳೇ ಹೊತ್ತು ತಿರುಗಿದ್ದನ್ನು ಯಾರೋ ಕೆಳಗಿಳಿಸಿಕೊಂಡಂತೆ ಹೆಗಲು ಹಗುರಾಯಿತು. ಹಸ್ನಾ ಎರಡು ಕಪ್ ಕಾಫಿ ಹಿಡಿದು ಬರುವುದು ಕಾಣಿಸಿತು. ಆಕೆ ಕಪ್ಪು ಇಡುವ ಮೊದಲೇ ಪೋ ನಿಯೋ ಹೇಳಿಬಿಟ್ಟಳು. "ನಂಗೆ ವಾಸನೆ ಬರಲ್ಲಮ್ಮ. ಒಂದು ವರ್ಷದ ಮೇಲಾಯ್ತು. ಇಷ್ಟೊತ್ತೂ ಹಲ್ಲಲ್ಲಿ, ಬೆರಳಲ್ಲಿ ನೋಡಿ ಹೇಳಿದ್ದು. ಬೇರೆ ಯಾರನ್ನಾದ್ರೂ ಹುಡುಕ್ಕೊ."

ಹಸ್ನಾ ಕಪ್ಪುಗಳನ್ನು ಮೇಜಿನ ಮೇಲಿಟ್ಟಳು. ಆಮೇಲೆ ಕುರ್ಚಿ ಎಳೆದುಕೊಂಡು ಕೂತಳು. "ನಮ್ಮ ಅಡುಗೆಮನೇಲಿ ಒಂಬತ್ತು ಮೂಗಿವೆ ಬಿಬಿಕ್. ಭಾರ ಇಟ್ಟು ಒತ್ತಬೇಕು ಅಂತ ಒಂದಕ್ಕೂ ಗೊತ್ತಿರಲಿಲ್ಲ. ಶನಿವಾರ ಎಂಟಕ್ಕೆ ಬಂದ್ಬಿಡಿ."

ಪೋ ನಿಯೋ ಒಂದು ಕಪ್ಪು ಎತ್ತಿಕೊಂಡಳು. ಒದ್ದೆಯಾದ ಕಣ್ಣು ಕಾಣದಿರಲೆಂದು ಕಪ್ಪನ್ನು ಮುಖಕ್ಕೆ ಅಡ್ಡ ಹಿಡಿದಳು. ತಕ್ಷಣ ಕುತ್ತಿಗೆ ಹಿಂದಕ್ಕೆಳೆದುಕೊಂಡಳು.

"ಏನಮ್ಮ ಇದು ಕಾಫಿ? ಟಯರ್ ಸುಟ್ಟ ಹಾಗೆ ನಾರುತ್ತೆ."

ಹಸ್ನಾ ಗಾಬರಿಯಾಗಿ ಇನ್ನೊಂದು ಕಪ್ಪು ಎತ್ತಿ ಮೂಸಿದಳು. "ಚೆನ್ನಾಗೇ ಇದೆಯಲ್ಲ ಬಿಬಿಕ್. ಎರಡೂ ಒಂದೇ ಕೆಟಲಿಂದು."

ಬೂನ್ ಕೆಂಗ್ ಕೈಯಲ್ಲಿದ್ದ ತಿಂಡಿಯನ್ನು ತಟ್ಟೆಗಿಟ್ಟ. "ಇನ್ನೊಂದ್ಸಲ ಮೂಸು," ಎಂದ. ಅವನ ದನಿ ಬದಲಾಗಿತ್ತು.

"ನಾರುತ್ತೆ ಅಂದ್ನಲ್ರೀ."

"ನಿಂಗೆ ಹೇಳದೆ ಡಾಕ್ಟರ ಹತ್ರ ಹೋಗಿದ್ದೆ. ಮೂಗು ವಾಪಸ್ ಬರೋವಾಗ ಮೊದ್ಲು ಎಲ್ಲಾ ಕೆಟ್ಟದಾಗೇ ನಾರುತ್ತಂತೆ. ಕಾಫಿಯಂತೂ ಸುಟ್ಟ ವಾಸನೆ ಹೊಡೆಯುತ್ತಂತೆ. ಸರಿಹೋಗೋಕೆ ತಿಂಗಳುಗಟ್ಟಲೆ ಬೇಕು. ಆದ್ರೆ ಶುರುವಾಗೋದೇ ಹೀಗೆ ಅಂದ್ರು."

"ಕೊಡಿ ಬಿಬಿಕ್, ಬೇರೆ ತರ್ತೀನಿ," ಎಂದು ಹಸ್ನಾ ಕೈ ಚಾಚಿದಳು.

ಪೋ ನಿಯೋ ಕೊಡಲಿಲ್ಲ. ಎರಡೂ ಕೈಯಲ್ಲಿ ಕಪ್ಪನ್ನು ಮೂಗಿನ ಹತ್ತಿರಕ್ಕೆ ಎಳೆದುಕೊಂಡು, ಮುಖ ಕಿವುಚಿ, ವಾಕರಿಕೆ ತಡೆದುಕೊಂಡು, ಮತ್ತೊಮ್ಮೆ ಜೋರಾಗಿ ಉಸಿರೆಳೆದುಕೊಂಡಳು.