ಟವೆಲಿನ ಕೆಳಗೆ

ಬಂಡೆಯ ಅಂಚಿಗೆ ಬಂದು ಕೆಳಗೆ ಬಗ್ಗಿದ ಕಾಸೀಮಸಾಬನಿಗೆ ಮೊದಲು ಕಂಡದ್ದು ನೀರಲ್ಲ, ಮುಂಚೆಯೇ ಇಳಿದುಹೋಗಿದ್ದ ಮಗಳು. ಅವಳೆದುರಿಗೆ ಗುರುತಿಲ್ಲದ ಒಬ್ಬ ಹುಡುಗ. ಇಬ್ಬರ ಕೈಗಳೂ ಒಂದೇ ಟವೆಲಿನ ಕೆಳಗೆ.

"ಜಾಹೀದಾ!"

ಹಾವೇರಿಯ ದನದ ಸಂತೆಯಲ್ಲಿ ಅವನು ಒಮ್ಮೆ ಕೂಗಿದರೆ ಎತ್ತುಗಳೂ ಕಿವಿ ನಿಗುರಿಸುತ್ತಿದ್ದವು. ಇಲ್ಲಿ ಜಲಪಾತದ ಅಬ್ಬರ ಆ ಕೂಗನ್ನು ಹಾಗೇ ನುಂಗಿತು.

ಶಿರಸಿ ದಾಟಿ, ಮೆಟಾಡೋರ್ ಇಳಿದು, ಕಾಡಿನಲ್ಲಿ ಎರಡು ತಾಸು ನಡೆದರೆ ಈ ಕೊಳ್ಳ. ಒಂದರ ಕೆಳಗೊಂದು ಮೂರು ಜಲಪಾತ. ನೋಡಲೇಬೇಕೆಂದು ಹಟ ಹಿಡಿದವಳು ಹೆಂಡತಿ ರಮಜಾನಬಿ. ಇಪ್ಪತ್ತೆರಡು ವರ್ಷದಲ್ಲಿ ಏನನ್ನೂ ಕೇಳದವಳು ಈ ಭಾನುವಾರವೇ ಆಗಬೇಕೆಂದಿದ್ದಳು. "ಹನ್ನೆರಡು ದಿನಕ್ಕ ಮಗಳು ಗಂಡನ ಮನಿಗೆ ಹೊಕ್ಕಾಳ. ಒಂದು ದಿನರ ನಮ್ಮ ಜೋಡಿ ಅಡ್ಡಾಡಲಿ ಬಿಡ್ರಿ."

ಹನ್ನೆರಡೇ ದಿನ! ಮೇಡ್ಲೇರಿಯ ಚಮನಸಾಬನೂ ಕಾಸೀಮಸಾಬನಂತೆ ದನದ ದಲಾಲಿ. ಸಂತೆಯಲ್ಲಿ ನಿಂತೇ, ಹುಡುಗನ ಮುಖ ನೋಡದೆಯೇ, ಕಾಸೀಮಸಾಬ ಅವನ ಮಗನಿಗೆ ಹೆಣ್ಣು ಕೊಡುತ್ತೇನೆಂದು ಮಾತು ಕೊಟ್ಟು ಬಂದಿದ್ದ. ಟಿ.ಸಿ.ಎಚ್. ಸೀಟು ಸಿಕ್ಕಿದೆ, ಟೀಚರ್ ಆಗುತ್ತೇನೆ ಎಂದು ಜಾಹೀದಾ ಅತ್ತಳು. ಸೀಟಿನ ಪತ್ರ ಕಸಿದು ಟ್ರಂಕಿನಲ್ಲಿಟ್ಟು, ಕೀಲಿಕೈಯನ್ನು ಉಡುದಾರಕ್ಕೆ ಕಟ್ಟಿಕೊಂಡಿದ್ದ.

"ದಲಾಲಿ ಒಮ್ಮೆ ಒಪ್ಪಿ ಹೆಬ್ಬೆರಳು ಒತ್ತಿದ ಅಂದ್ರ ಮುಗೀತು. ನಮ್ಮಪ್ಪ ಗೋರಿಯಿಂದ ಎದ್ದು ಬಂದ್ರೂ ಮಾತು ಮುರಿಯಂಗಿಲ್ಲ!"

ಈಗ ಆ ಮಾತು ಕೊಳ್ಳದ ತಳದಲ್ಲಿ, ಯಾವನದೋ ಕೈಯಲ್ಲಿತ್ತು.

ಇಳಿಯತೊಡಗಿದ. ಪಾಚಿಗಟ್ಟಿದ ಕಲ್ಲು. ಹೋದ ವರ್ಷ ಹೋರಿ ಒದ್ದ ಮೊಣಕಾಲು. ಸಾಲದ್ದಕ್ಕೆ ರಮಜಾನಬಿ ತೋಳು ಹಿಡಿದು ಹಿಂದಕ್ಕೆ ಜಗ್ಗುತ್ತಿದ್ದಳು.

"ನಿಧಾನ ಇಳೀರಿ. ಬಿದ್ದೀರಿ."

"ಬೀಳ್ತೇನಿ! ಬಿದ್ರ ಅವನ ಮ್ಯಾಲೇ ಬೀಳ್ತೇನಿ!"

ಎರಡನೆಯ ಜಲಪಾತದ ತಿರುವಿನಲ್ಲಿ ಮಗಳೂ ಆ ಹುಡುಗನೂ ಕಣ್ಣಿಗೆ ಮರೆಯಾದರು. ಮೊಣಕಾಲು ಮಡಚಲಿಲ್ಲ. ಅಲ್ಲೇ ಕುಸಿದು ಕುಳಿತ. ಮತ್ತೆ ಕೂಗಿದ, ತನ್ನ ಕೂಗು ತನಗೇ ಕೇಳಿಸಲಿಲ್ಲ. ಸಣ್ಣವಳಿದ್ದಾಗ ಇದೇ ಕೈ ಹಿಡಿದು ಸಂತೆ ಸುತ್ತಿಸಿದ್ದ. ತೊಡೆಯ ಮೇಲೆ ಕೂರಿಸಿಕೊಂಡು, ಅವಳ ಬೆರಳು ಒತ್ತಿ ಒತ್ತಿ ಲೆಕ್ಕ ಕಲಿಸಿದ್ದ. ಕಣ್ಣು ಒದ್ದೆಯಾದವು. ನೀರಿನ ಸಿಡಿತ ಎಂದುಕೊಂಡ.

"ಕುಂದ್ರಿ ಇನ್ನೊಂದೀಟು. ಇನ್ನೂ ಆಗಿಲ್ಲ," ಎಂದು ರಮಜಾನಬಿ ಅವನ ಕಿವಿಯಲ್ಲಿ ಕೂಗಿದಳು.

"ಏನು ಆಗಿಲ್ಲ?"

"ಕಾಲುನೋವು. ಕಡಿಮಿ ಆಗಿಲ್ಲ."

ಅವಳನ್ನು ತಳ್ಳಿ ಎದ್ದ. ಕೂತು ಜಾರಿ, ಬೇರು ಹಿಡಿದು, ತಳ ಮುಟ್ಟಿದ. ಬಂಡೆಯ ಮರೆಯಲ್ಲಿ ಸದ್ದು ಕಡಿಮೆಯಿತ್ತು. ಹುಡುಗ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತಿದ್ದ. ಕಾಸೀಮಸಾಬ ಕೈ ಎತ್ತಿದ.

"ಸಲಾಂ ಮಾಮಾ. ನಾ ಶಾಬುದ್ದೀನ. ಮೇಡ್ಲೇರಿ ಚಮನಸಾಬರ ಮಗ."

ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ಹುಡುಗನ ಬೆನ್ನು ತಟ್ಟಿತು. ಕಾಸೀಮಸಾಬ ಸಿಟ್ಟು, ನೋವು ಎಲ್ಲ ಮರೆತು ನಕ್ಕ. "ಹುಚ್ಚಪ್ಯಾಲಿ, ಹನ್ನೆರಡು ದಿನ ತಡೀಲಿಕ್ಕೆ ಆಗಲಿಲ್ಲೇನು? ಕೈ ಹಿಡಿಯೂದಕ್ಕ ಇಷ್ಟು ಅವಸರ?"

"ಅವಸರ ಅಲ್ರಿ, ವ್ಯಾಪಾರ. ನಾ ಒಂದು ಅಂದ್ನಿ. ನಿಮ್ಮ ಮಗಳು ಜಪ್ಪಯ್ಯ ಅಂದ್ರೂ ಬಿಡಲಿಲ್ಲ."

ಮೂವತ್ತು ವರ್ಷ ಟವೆಲಿನ ಕೆಳಗೆ ಬೆರಳು ಹಿಡಿದು ಎತ್ತುಗಳ ಬೆಲೆ ಕುದುರಿಸಿದ ಕಾಸೀಮಸಾಬ ಮಗಳತ್ತ ತಿರುಗಿದ. ಜಾಹೀದಾ ಎರಡು ಬೆರಳು ಎತ್ತಿ ಹಿಡಿದಿದ್ದಳು.

"ಎರಡು ವರ್ಷ, ಅಬ್ಬಾ. ಟ್ರೇನಿಂಗ್ ಮುಗದ ಮ್ಯಾಲೆ ನಿಕಾ. ಹೆಬ್ಬೆರಳು ಒತ್ತ್ಯಾರ."

ಹಿಂದಿನಿಂದ ಬಂದ ರಮಜಾನಬಿ ಗಂಡನ ಮುಂದೆ ಅಂಗೈ ಚಾಚಿದಳು.

"ಸಾಕ್ಷಿ ನಾನದೇನಿ. ಟ್ರಂಕಿನ ಕೀಲಿಕೈ ಕೊಡ್ರಿ."